ಗೋವಿನಜೋಳ: ಮೊದಲು ಬಿಡಬೇಕಾದ್ದು ಯೂರಿಯಾ ಅಲ್ಲ, ಡಿಎಪಿ

ಮಾನ್ಯ ಸಂಪಾದಕರೇ,

ಹಾವೇರಿ, ದಾವಣಗೆರೆ ಸೀಮೆಯಲ್ಲಿ ಸರ್ಕಾರಿ ಗೊಬ್ಬರ (ರಾಸಾಯನಿಕ ಗೊಬ್ಬರ) ಬಿಟ್ಟು ಕಾಂಪೋಸ್ಟಿನಲ್ಲೇ ಗೋವಿನಜೋಳ ಬೆಳೆಯಲು ಹೊರಟವರು ಎಡವುವುದು ಲೆಕ್ಕದಲ್ಲಿ. ಮಳೆಯಾಶ್ರಿತ ಬೆಳೆಗೆ ಎಕರೆಗೆ ಸುಮಾರು 40 ಕೆ.ಜಿ. ಸಾರಜನಕ, 20 ಕೆ.ಜಿ. ರಂಜಕ, 10 ಕೆ.ಜಿ. ಪೊಟ್ಯಾಷ್ ಬೇಕು. ಚೆನ್ನಾಗಿ ಕಳಿತ ಒಂದು ಟನ್ ಕಾಂಪೋಸ್ಟಿನಲ್ಲಿ 7ರಿಂದ 10 ಕೆ.ಜಿ. ಸಾರಜನಕವಿದ್ದರೂ ಮೊದಲ ಬೆಳೆಗೆ ದಕ್ಕುವುದು ಅದರ ಕಾಲುಭಾಗ. 45 ಕೆ.ಜಿ. ತೂಕದ ಒಂದು ಚೀಲ ಯೂರಿಯಾದಲ್ಲಿರುವ 20 ಕೆ.ಜಿ. ಸಾರಜನಕವನ್ನು ಹೀಗೆ ತುಂಬಬೇಕಾದರೆ ಎಂಟರಿಂದ ಹನ್ನೊಂದು ಟನ್ ಬೇಕಾದೀತು. ಅಷ್ಟು ತಿಪ್ಪೆ ಯಾರ ಮನೆಯಲ್ಲಿದೆ?

ರಂಜಕ, ಪೊಟ್ಯಾಷಿನ ಮಾತು ಬೇರೆ. ಎಕರೆಗೆ 4 ಟನ್ ಹಾಕಿದರೆ ಇವೆರಡರ ದೊಡ್ಡ ಪಾಲು ಒದಗುತ್ತದೆ. ಜೊತೆಗೆ ಸಿಗುವ 7ರಿಂದ 10 ಕೆ.ಜಿ. ಸಾರಜನಕ ಸಾರಜನಕ, ರಂಜಕ ಎರಡೂ ಇರುವ ಡಿಎಪಿ ಗೊಬ್ಬರದ ಒಂದು ಚೀಲದಲ್ಲಿರುವ 9 ಕೆ.ಜಿ.ಗೆ ಸರಿಹೋಗುತ್ತದೆ. ಹಾಗಾಗಿ ಮಣ್ಣು ಪರೀಕ್ಷೆಯಲ್ಲಿ ರಂಜಕ ತೀರಾ ಕಡಿಮೆ ಬರದಿದ್ದರೆ ಮೊದಲ ವರ್ಷ ಡಿಎಪಿ ಬಿಡಿ. ಒಂದೂವರೆ ಚೀಲ ಯೂರಿಯಾ ಮಾತ್ರ ಇರಲಿ. ಬೆಳೆ ಮೊಣಕಾಲೆತ್ತರವಿದ್ದಾಗ ಒಮ್ಮೆ, ಸೂಲಂಗಿ (ತುದಿಯ ಗಂಡು ಹೂ) ಒಡೆಯುವ ಮುನ್ನ ಇನ್ನೊಮ್ಮೆ, ನೆಲದಲ್ಲಿ ಹಸಿ ನೋಡಿ ಕೊಡಿ. ಮುಂದಿನ ವರ್ಷಗಳಲ್ಲಿ ಅರ್ಧರ್ಧ ಚೀಲ ಇಳಿಸಬಹುದು. ನಡುವೆ ಸೆಣಬು ಬೆಳೆದು ಹೂವಾಡುವಾಗ ಮಣ್ಣಿಗೆ ಸೇರಿಸಿದರೆ ಇನ್ನೂ ಬೇಗ.

ಗೊಬ್ಬರಕ್ಕೆ ಕಚ್ಚಾ ಸಾಮಾನು ಹೊಲದಲ್ಲೇ ಇದೆ, ಅದಕ್ಕೇ ಬೆಂಕಿ ಇಡುತ್ತೇವೆ ಎಂಬುದು ಸಂಕಟದ ಸಂಗತಿ. ಗೋವಿನಜೋಳದ ದಂಟನ್ನು ಎರಡು-ಮೂರು ಇಂಚಿಗೆ ಕತ್ತರಿಸಿ, ಅರ್ಧ ಅಡಿ ದಂಟಿನ ಮೇಲೆ ಎರಡು ಇಂಚು ಸಗಣಿ, ಒಂದು ಹಿಡಿ ಹೊಲದ ಮಣ್ಣು. ಹೀಗೆ ಐದಡಿ ಅಗಲ, ನಾಲ್ಕಡಿ ಎತ್ತರಕ್ಕೆ ಒಟ್ಟಿ. ಇದಕ್ಕಿಂತ ತೀರಾ ಸಣ್ಣ ರಾಶಿ ಕಾವು ಹಿಡಿಯುವುದಿಲ್ಲ, ಕಾವೇರದಿದ್ದರೆ ಕಳೆಬೀಜ ಸಾಯುವುದಿಲ್ಲ. ಒಳಗಿನ ಒಂದು ಹಿಡಿ ತೆಗೆದು ಹಿಂಡಿದರೆ ಅಂಗೈ ತೇವವಾಗಬೇಕು, ನೀರು ಇಳಿಯಬಾರದು. ಹದಿನೈದು ದಿನಕ್ಕೊಮ್ಮೆ ಮೇಲೆ-ಕೆಳಗೆ ಮಾಡಿದರೆ ಮೂರರಿಂದ ನಾಲ್ಕು ತಿಂಗಳಿಗೆ ಕಳಿಯುತ್ತದೆ. ಮೂಗಿಗೆ ಘಾಟು ಹೊಡೆದರೆ ಸಗಣಿ ಹೆಚ್ಚಾಗಿದೆ, ದಂಟು ಸೇರಿಸಿ.

ಅರೆಬರೆ ಕಳಿತದ್ದನ್ನು ಹಾಕಿದರೆ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕ ಹೀರಿಬಿಡುತ್ತವೆ. ಇಪ್ಪತ್ತು-ಮೂವತ್ತು ದಿನದ ಪೈರಿನ ಕೆಳಗಿನ ಎಲೆ ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತದೆ, ಅಂಚು ಮಾತ್ರ ಹಸಿರಾಗಿರುತ್ತದೆ. ಹಸಿ ಸಗಣಿಯಾದರೆ ಬೇರು ತಿನ್ನುವ ಗೊಣ್ಣೆಹುಳದ ಕಾಟವೂ ಸೇರುತ್ತದೆ. ಅನುಮಾನವಿದ್ದರೆ ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಬಿಗಿಯಾಗಿ ಕಟ್ಟಿಡಿ. ಬಿಚ್ಚಿದಾಗ ಮಣ್ಣಿನ ವಾಸನೆ ಬಂದರೆ ಸರಿ, ಕೊಳೆತ ನಾತ ಬಂದರೆ ಇನ್ನೊಂದು ತಿಂಗಳು ಬಿಡಬೇಕು.

ಕೊನೆಯದಾಗಿ, ಗೊಬ್ಬರವನ್ನು ಹೊಲದ ತುಂಬ ಗುಡ್ಡೆ ಹಾಕಿ ವಾರಗಟ್ಟಲೆ ಬಿಸಿಲಿಗೆ ಬಿಡುವ ರೂಢಿ ನಿಲ್ಲಬೇಕು. ಸಾರಜನಕ ಗಾಳಿಗೆ ಹೋಗುತ್ತದೆ. ಬಿತ್ತನೆಗೆ ಎರಡು-ಮೂರು ವಾರ ಮೊದಲು ಹೇರಿ, ಹರಡಿದ ದಿನವೇ ಕುಂಟೆ ಹೊಡೆದು ಮಣ್ಣಲ್ಲಿ ಬೆರೆಸಿ.

— ಹಾವೇರಿ ಜಿಲ್ಲೆಯ ಗೋವಿನಜೋಳ ಬೆಳೆಗಾರರು