ಕ್ಯಾಮ್ ಟೈಮಿಂಗ್ ಅಳೆದ ಹಾಳೆ ಎಲ್ಲಿ? ಬೆಲ್ಟ್ ಕೆಲಸದ ಬಗ್ಗೆ ದೂರು

ಸರ್ವಿಸ್ ಮ್ಯಾನೇಜರ್ ಅವರಿಗೆ,

ಫೋನಲ್ಲಿ ಕೇಳಾಯ್ತು, ಮೆಸೇಜ್ ಹಾಕಾಯ್ತು, ನಿಮ್ಮ ಕೌಂಟರ್ ಮುಂದೆ ಬಂದು ನಿಂತೂ ಆಯ್ತು. "ನೋಡ್ತೀವಿ ಸರ್" ಅನ್ನೋದು ಬಿಟ್ಟು ಬೇರೇನೂ ಸಿಗ್ಲಿಲ್ಲ, ಅದಕ್ಕೇ ಈಗ ಬರೆದು ಕೊಡ್ತಾ ಇದೀನಿ. ನಾನು ಸೆಕೆಂಡ್ ಹ್ಯಾಂಡ್ ತಗೊಂಡಿರೋ ಫೆರಾರಿ ಎಫ್355 ಗಾಡೀನ ಎರಡು ಕೆಲಸಕ್ಕೆ ನಿಮ್ಮಲ್ಲಿ ಬಿಟ್ಟಿದ್ದೆ, ಎರಡೂ ಟೈಮಿಂಗ್ ಬೆಲ್ಟ್ ಬದಲಾಯಿಸೋದು, ವಾಲ್ವ್‌ಗಳನ್ನ ತೆರೆದು ಮುಚ್ಚೋ ನಾಲ್ಕೂ ಕ್ಯಾಮ್‌ಗಳ ಟೈಮಿಂಗ್ (ಯಾವಾಗ ತೆರೀಬೇಕು, ಯಾವಾಗ ಮುಚ್ಚಬೇಕು ಅನ್ನೋದು) ಅಳೆದು ಸರಿ ಮಾಡೋದು. ಜಾಬ್ ಕಾರ್ಡಲ್ಲಿ ಇವು ಬೇರೆ ಬೇರೆ ಸಾಲು, ಬಿಲ್ಲಲ್ಲೂ ಬೇರೆ ಬೇರೆ ಲೇಬರ್. ಬೆಲ್ಟ್ ಬದಲಾಗಿದೆ, ಒಪ್ತೀನಿ. ಟೈಮಿಂಗ್ ಅಳೆದೇ ಇಲ್ಲ, ದುಡ್ಡು ಮಾತ್ರ ತಗೊಂಡಿದೀರ.

ಬಿಡೋಕೆ ಬಂದಾಗ ಗಾಡಿ ಐಡಲಲ್ಲಿ ನೆಟ್ಟಗೆ ನಿಲ್ತಿತ್ತು. ವಾಪಸ್ ತಗೊಂಡು ಹೋದ ದಿನದಿಂದ ಐಡಲ್ ಕುಂಟ್ತಾ ಇದೆ, ಕಡಿಮೆ ಆರ್‌ಪಿಎಂನಲ್ಲಿ ಎಳೆಯೋದೇ ಇಲ್ಲ, ಒಂದು ಕಡೆ ಎಕ್ಸಾಸ್ಟ್ ಸದ್ದೇ ಬೇರೆ ಥರ ಬರುತ್ತೆ. ಇನ್ನೊಬ್ಬ ಮೆಕ್ಯಾನಿಕ್ ಹತ್ರ ಕಂಪ್ರೆಷನ್, ಅಂದ್ರೆ ಸಿಲಿಂಡರಲ್ಲಿ ಏಳೋ ಒತ್ತಡ, ನೋಡಿಸಿದೆ. ಒಂದು ಬ್ಯಾಂಕಿನ, ಅಂದ್ರೆ ಎಂಜಿನ್ನಿನ ಒಂದು ಕಡೆ ಸಾಲಿನ, ನಾಲ್ಕಕ್ಕೆ ನಾಲ್ಕೂ ಸಿಲಿಂಡರಲ್ಲಿ ಕಂಪ್ರೆಷನ್ ಸಮಾನವಾಗಿ ಕಡಿಮೆ, ಇನ್ನೊಂದು ಬ್ಯಾಂಕ್ ಸರಿ ಇದೆ. ಸಿಲಿಂಡರಿಗೆ ಗಾಳಿ ತುಂಬಿ ಸೋರುತ್ತಾ ಅಂತ ನೋಡೋ ಲೀಕ್‌ಡೌನ್ ಟೆಸ್ಟ್ ಮಾಡಿದ್ರೆ ಎಂಟೂ ಚೆನ್ನಾಗಿವೆ. ರಿಂಗೋ ವಾಲ್ವೋ ಹೋಗಿದ್ರೆ ಲೀಕ್‌ಡೌನಲ್ಲಿ ಗಾಳಿ ಸೋರಬೇಕಿತ್ತು, ಅದೂ ನಾಲ್ಕು ಸಿಲಿಂಡರ್ ಒಂದೇ ಅಳತೇಲಿ ಒಂದೇ ದಿನ ಹಾಳಾಗೋದಿಲ್ಲ. ಗಾಳಿ ಸೋರದೆ ಇಡೀ ಬ್ಯಾಂಕಲ್ಲಿ ಒತ್ತಡ ಕಡಿಮೆ ಅಂದ್ರೆ ಮೊದಲು ಅನುಮಾನ ಬರೋದು ಆ ಕಡೆಯ, ಗಾಳಿ ಒಳಗೆ ಬಿಡೋ ಇನ್‌ಟೇಕ್ ಕ್ಯಾಮ್ ಹಿಂದೆ ಬಿದ್ದಿದೆ, ವಾಲ್ವ್ ತಡವಾಗಿ ಮುಚ್ಕೋತಿದೆ ಅಂತ. ಇದು ನಿಮಗೆ ನಾನು ಹೇಳಿಕೊಡಬೇಕಾದ ವಿಷಯ ಅಲ್ಲ.

ಈಗ ಕೌಂಟರಲ್ಲಿ ಆಗಿದ್ದನ್ನ ಬರೀತೀನಿ, ಯಾಕಂದ್ರೆ ನಿಮಗೆ ಯಾರೂ ಹೇಳಿರಲ್ಲ. ನಾನು ಆ ರಿಪೋರ್ಟ್ ಹಿಡ್ಕೊಂಡು ಬಂದು ನಿಮ್ಮ ಅಡ್ವೈಸರ್ ಹತ್ರ ಕ್ಯಾಮ್ ಟೈಮಿಂಗ್ ಡಿಗ್ರಿ ಬರೆದಿಟ್ಟಿರೋ ಹಾಳೆ ಕೊಡಿ ಅಂತ ಕೇಳಿದೆ. ಅವರು ಕಂಪ್ಯೂಟರ್‌ನಿಂದ ಮುಖ ಎತ್ತದೆ "ಡಿಗ್ರಿನಾ ಸರ್? ಅದು ಕಾಲೇಜಲ್ಲಿ ಕೊಡ್ತಾರೆ" ಅಂದ್ರು. ಸೋಫಾದಲ್ಲಿ ಕೂತಿದ್ದ ಇಬ್ಬರು ನಕ್ಕರು. ನಾನು ನಗಲಿಲ್ಲ, ಬಿಲ್ ತೋರಿಸಿ ಈ ಸಾಲಿಗೆ ದುಡ್ಡು ಕಟ್ಟಿದೀನಿ ಅಂದೆ. ಅದಕ್ಕೆ "ಸರ್ ಏನು ಕೆಲಸ ಮಾಡ್ಕೊಂಡಿದೀರ?" ಅಂತ ಕೇಳಿದ್ರು. ಅದು ಯಾಕೆ ಬೇಕು ಅಂದೆ. "ಅಲ್ಲ, ವಿಡಿಯೋ ನೋಡ್ಕೊಂಡು ಬಂದು ಎಲ್ಲರೂ ಎಂಜಿನಿಯರ್ ಆಗ್ಬಿಟ್ಟಿದಾರೆ, ಅದಕ್ಕೆ ಕೇಳಿದೆ" ಅಂತ ಹೇಳಿ ಒಳಗಡೆ ಇದ್ದ ಹುಡುಗನ್ನ ಜೋರಾಗಿ ಕರೆದ್ರು, "ಲೋ, 355 ಟೈಮಿಂಗ್ ಹೆಂಗ್ ಇಟ್ಟೆ?" ಆ ಹುಡುಗ ಅಲ್ಲಿಂದಲೇ "ಮಾರ್ಕ್‌ಗೆ ಮಾರ್ಕ್ ಕೂಡಿಸಿ ಬೆಲ್ಟ್ ಹಾಕಿದೆ ಸಾರ್" ಅಂತ ಕೂಗಿದ. ಅಡ್ವೈಸರ್ ನನ್ನ ಕಡೆ ತಿರುಗಿ "ಸಿಕ್ತಲ್ಲ ಸರ್ ಉತ್ತರ, ಸೆಕೆಂಡ್ ಹ್ಯಾಂಡಲ್ಲಿ ಇಂಥ ಗಾಡಿ ತಗೊಂಡವರಿಗೆ ಭಯ ಜಾಸ್ತಿ" ಅಂತ ಎಲ್ಲರ ಮುಂದೆ ಹೇಳಿ ನನ್ನ ರಿಪೋರ್ಟ್ ಹಾಳೇನ ಬಿಡಿಸಿಯೂ ನೋಡದೆ ಟೇಬಲ್ ಮೇಲೆ ನನ್ನ ಕಡೆಗೆ ತಳ್ಳಿದ್ರು.

ಸಿಕ್ತು, ಉತ್ತರ ನಿಜವಾಗ್ಲೂ ಸಿಕ್ತು. ಮಾರ್ಕ್ ಕೂಡಿಸೋದು ಕೆಲಸದ ಶುರು ಅಷ್ಟೇ, ಅಳತೆ ಅಲ್ಲ. ಸ್ಪಾರ್ಕ್ ಪ್ಲಗ್ ತೂತಲ್ಲಿ ಡಯಲ್ ಗೇಜ್ ಇಳಿಸಿ ಟಿಡಿಸಿ, ಅಂದ್ರೆ ಪಿಸ್ಟನ್ ತೀರಾ ಮೇಲೆ ಬರೋ ಜಾಗ, ಹಿಡೀಬೇಕು, ಪಿಸ್ಟನ್‌ಗಳು ತಿರುಗಿಸೋ ಕ್ರ್ಯಾಂಕಿಗೆ ಕೋನ ಅಳೆಯೋ ಡಿಗ್ರಿ ವೀಲ್ ಕಟ್ಟಬೇಕು, ಒಂದೊಂದು ಕ್ಯಾಮ್ ವಾಲ್ವನ್ನ ಎಷ್ಟು ಎತ್ತುತ್ತೆ (ಲಿಫ್ಟ್) ಅಂತ ನೋಡಿ ಮ್ಯಾನುಯಲ್ ಅಂಕಿ ಜೊತೆ ಹೋಲಿಸಬೇಕು, ವ್ಯತ್ಯಾಸ ಬಂದ್ರೆ ಪುಲ್ಲಿಯ ಪಿನ್ ತೆಗೆದು ಬೇರೆ ತೂತಿಗೆ ಹಾಕಿ ಸರಿ ಮಾಡಬೇಕು. ಕಾರ್ಖಾನೆಯವರು ಅಷ್ಟೊಂದು ತೂತು ಕೊಟ್ಟಿರೋದೇ ಇದಕ್ಕೆ. ಕ್ಯಾಮ್ ಒಂದು ಸುತ್ತು ತಿರುಗೋಕೆ ಕ್ರ್ಯಾಂಕ್ ಎರಡು ಸುತ್ತು ತಿರುಗುತ್ತೆ, ಕ್ಯಾಮಲ್ಲಿ ಒಂದು ಡಿಗ್ರಿ ತಪ್ಪಿದ್ರೆ ಕ್ರ್ಯಾಂಕಲ್ಲಿ ಎರಡು. ಅಷ್ಟು ಸಣ್ಣ ವ್ಯತ್ಯಾಸ ಕಣ್ಣಲ್ಲಿ ಮಾರ್ಕ್ ನೋಡಿದ್ರೆ ಕಾಣಲ್ಲ. ಎಲ್ಲರ ಮುಂದೆ ಅಷ್ಟು ಸಲೀಸಾಗಿ ನಗಿಸೋಕೆ ಬರುವಂಥವರ ಗ್ಯಾರೇಜಲ್ಲಿ ಒಂದು ಡಯಲ್ ಗೇಜ್ ಇಡೋಕೂ ಬರಬೇಕಿತ್ತು.

ನನಗೆ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಈ ಗಾಡೀಲಿ ಬೆಲ್ಟ್ ಕೆಲಸಕ್ಕೆ ಎಂಜಿನ್ನು, ಗೇರ್‌ಬಾಕ್ಸು, ಹಿಂದಿನ ಸಬ್‌ಫ್ರೇಮ್ ಎಲ್ಲಾ ಒಟ್ಟಿಗೆ ಕೆಳಗಿಳಿಸೋದು ಕಾರ್ಖಾನೆ ಹೇಳಿರೋ ರೀತಿ, ನೀವೂ ಹಾಗೇ ಇಳಿಸಿದ್ರಿ, ಅದರ ಲೇಬರ್ ಪೂರ್ತಿ ಕೊಟ್ಟಿದೀನಿ. ಎಂಜಿನ್ ಕಣ್ಣೆದುರಿಗೆ ಸ್ಟ್ಯಾಂಡ್ ಮೇಲೆ ಇದ್ದಾಗ ಅಳೆಯೋಕೆ ಸಮಯ ಇರಲಿಲ್ಲ, ಈಗ ಮತ್ತೆ ಇಳಿಸೋಕೆ ನನ್ನ ಹತ್ರ ಮತ್ತೆ ಲೇಬರ್ ಕೇಳ್ತಿದೀರ.

ಆಮೇಲೆ ಫೋನಲ್ಲಿ "355ಗೆ ವಾಲ್ವ್ ಗೈಡ್ ಪ್ರಾಬ್ಲಮ್ ಕಾಮನ್" ಅಂತ ಹೊಸ ಕಥೆ. ಆ ಗಾಡಿಯ ವಾಲ್ವ್ ಕಡ್ಡಿ ಓಡಾಡೋ ಕಂಚಿನ ಗೈಡ್ ಸವೆಯುತ್ತೆ ಅನ್ನೋದು ನನಗೂ ಗೊತ್ತು, ಸವೆದ್ರೆ ಆಯಿಲ್ ಸುಡುತ್ತೆ, ಹೊಗೆ ಬರುತ್ತೆ, ಲೀಕ್‌ಡೌನಲ್ಲೂ ಸಾಮಾನ್ಯವಾಗಿ ಗೊತ್ತಾಗುತ್ತೆ. ನನ್ನ ಗಾಡೀಲಿ ಇದ್ಯಾವುದೂ ಇಲ್ಲ. ಗೈಡ್ ಸವೆಯೋಕೆ ವರ್ಷಗಳು ಬೇಕು, ನಿಮ್ಮ ಗೇಟ್ ದಾಟೋಷ್ಟರಲ್ಲಿ ಸವೆಯಲ್ಲ.

8500 ಆರ್‌ಪಿಎಂ ತನಕ ತಿರುಗೋ, 40 ವಾಲ್ವ್ ಇರೋ ಎಂಜಿನ್ ಇದು. ತಪ್ಪಿರೋದು ಪಿನ್ನೋ ಬೆಲ್ಟಿನ ಹಲ್ಲೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಬೆಲ್ಟ್ ಜಾರಿದ್ರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತೆ. ಅದಕ್ಕೇ ಗಾಡಿ ಸ್ಟಾರ್ಟ್ ಮಾಡೋದನ್ನೇ ನಿಲ್ಲಿಸಿದೀನಿ.

ಮಾಡಿದ ಕೆಲಸಕ್ಕೆ ವಾರಂಟಿ ಏನು ಅಂತ ನಿಮ್ಮ ಜಾಬ್ ಕಾರ್ಡ್ ಹಿಂದೇನೇ ಪ್ರಿಂಟ್ ಆಗಿದೆ, ನೀವು ಬರೆದಿದ್ದನ್ನ ನಿಮಗೇ ಓದಿ ಹೇಳಲ್ಲ. ಗಾಡಿ ನಿಮ್ಮ ಖರ್ಚಲ್ಲೇ ತಗೊಂಡು ಹೋಗಿ, ಎಂಜಿನ್ ಇಳಿಸಿ, ನನ್ನ ಎದುರಿಗೆ ನಾಲ್ಕೂ ಕ್ಯಾಮ್ ಅಳೆದು ಅಂಕಿ ಬರೆದು ಸಹಿ ಹಾಕಿ ಕೊಡಿ. ಈ ವಾರದೊಳಗೆ ಲಿಖಿತ ಉತ್ತರ ಬರದಿದ್ರೆ ಬೇರೆ ಕಡೆ ಎಂಜಿನ್ ಇಳಿಸ್ತೀನಿ, ಮೊದಲ ಬೋಲ್ಟ್ ಬಿಚ್ಚೋದರಿಂದ ಕೊನೇ ಅಳತೆ ತನಕ ವಿಡಿಯೋ ಮಾಡಿಸ್ತೀನಿ, ಆ ಬಿಲ್ಲು, ಆ ವಿಡಿಯೋ, ಮಾಡದ ಕೆಲಸಕ್ಕೆ ನೀವು ಹಾಕಿರೋ ಬಿಲ್ಲು, ಎಲ್ಲಾ ಸೇರಿಸಿ ಗ್ರಾಹಕರ ಕೋರ್ಟಿಗೆ ಹಾಕ್ತೀನಿ. ಆ ಅಡ್ವೈಸರ್ ಹೆಸರೂ ಅರ್ಜಿಯಲ್ಲಿ ಇರುತ್ತೆ. ಡಿಗ್ರಿ ಅಂದ್ರೆ ಏನು ಅಂತ ಅವರು ಅಲ್ಲಿ ಬಂದು ಹೇಳಲಿ.

ಇಂತಿ,
ಎಫ್355 ಗಾಡಿಯ ಮಾಲೀಕ