ಲ್ಯಾಬಿನ ಲಿವರ್‌ನಲ್ಲಿ ನಮ್ಮ ಜಿಲ್ಲೆಗೂ ಪಾಲಿರಲಿ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಾನು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನು. ಲ್ಯಾಬಿನಲ್ಲಿ ಬೆಳೆಸಿದ ಲಿವರ್ ಅಂಗಾಂಶದ ಮೇಲೆ ಔಷಧಿ ಪರೀಕ್ಷಿಸುವ ಕೆಲಸದಲ್ಲಿ ನಮ್ಮ ಜಿಲ್ಲೆಯವರನ್ನೂ ಸೇರಿಸಿ ಎಂದು ಕೇಳಲು ಬರೆಯುತ್ತಿದ್ದೇನೆ. ಕಣ್ಣು ಹಳದಿಯಾದರೆ ನಮ್ಮಲ್ಲಿ ಎಷ್ಟೋ ಮಂದಿ ಮೊದಲು ಹೋಗುವುದು ಕಾಮಾಲೆ ಮದ್ದು ಕೊಡುವವರ ಮನೆಗೆ. ನೆಲನೆಲ್ಲಿಯನ್ನು ಬೇರುಸಮೇತ ಅರೆದು, ಮಜ್ಜಿಗೆಯಲ್ಲಿ ಕದಡಿ, ಬರಿಹೊಟ್ಟೆಗೆ ಕುಡಿಸುತ್ತಾರೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಟಿಬಿ ಮಾತ್ರೆ ನುಂಗುತ್ತಿರುವವರೂ ಅದೇ ಮದ್ದು ಕುಡಿದು ಬಂದು ನನ್ನೆದುರು ನಿಂತಾಗ ಭಯವಾಗುತ್ತದೆ. ಟಿಬಿಗೆ ಕೊಡುವ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರ್ ಕೆಡಿಸಬಲ್ಲವು. ಹಾಗಾದಾಗ ವೈದ್ಯರು ಮಾತ್ರೆ ನಿಲ್ಲಿಸಿ, ರಕ್ತಪರೀಕ್ಷೆಯ ಅಂಕಿ ಇಳಿಯುವವರೆಗೆ ಕಾದು, ಒಂದೊಂದಾಗಿ ಮತ್ತೆ ಕೊಡುತ್ತಾರೆ. ಯಾರ ಲಿವರ್ ತಾಳುತ್ತದೆಂದು ಮೊದಲೇ ಖಚಿತವಾಗಿ ಹೇಳುವ ದಾರಿ ಅವರ ಕೈಯಲ್ಲಿಲ್ಲ.

ಔಷಧಿಯನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿ ಮನುಷ್ಯರ ಲಿವರ್ ಬಗ್ಗೆ ಹೇಳುವುದು ಎಷ್ಟು ಕಷ್ಟವೆಂದು 1993ರಲ್ಲೇ ಗೊತ್ತಾಗಿದೆ. ಹೆಪಟೈಟಿಸ್ ಬಿ ರೋಗಕ್ಕೆಂದು ಅಮೆರಿಕದಲ್ಲಿ ಫಿಯಾಲ್ಯುರಿಡಿನ್ ಔಷಧಿಯನ್ನು 15 ರೋಗಿಗಳಿಗೆ ಕೊಟ್ಟರು. ಐವರು ತೀರಿಕೊಂಡರು, ಇಬ್ಬರು ಲಿವರ್ ಕಸಿಯಿಂದ ಬದುಕಿದರು. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಈ ಅಪಾಯದ ಸುಳಿವೇ ಸಿಕ್ಕಿರಲಿಲ್ಲ. ಈಗ ಮನುಷ್ಯರ ಜೀವಕೋಶಗಳಿಂದಲೇ ಪುಟ್ಟ ಲಿವರ್ ಅಂಗಾಂಶ ಬೆಳೆಸಿ ಔಷಧಿ ಪರೀಕ್ಷಿಸುತ್ತಿದ್ದಾರೆ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 27 ಔಷಧಿಗಳನ್ನು ಇಂಥ ಲಿವರ್ ಚಿಪ್‌ಗೆ (ಮನುಷ್ಯರ ಲಿವರ್ ಕೋಶಗಳನ್ನು ಬೆಳೆಸಿದ ಪುಟ್ಟ ಸಾಧನ) ಹಾಕಿ ನೋಡಿದಾಗ, ಹಾನಿಕಾರಕ ಔಷಧಿಗಳಲ್ಲಿ ಶೇ 87ರಷ್ಟನ್ನು ಅದು ಹಿಡಿದುಕೊಟ್ಟಿತು. ಬೆಂಗಳೂರಿನ ಪ್ಯಾಂಡೋರಮ್ ಸಂಸ್ಥೆ 2015ರಲ್ಲೇ ಲಿವರ್ ಅಂಗಾಂಶವನ್ನು 3ಡಿ ಮುದ್ರಣದಿಂದ ತಯಾರಿಸಿ ತೋರಿಸಿತ್ತು. 2023ರಲ್ಲಿ ಕೇಂದ್ರ ಸರ್ಕಾರ ಹೊಸ ಔಷಧಿಗಳ ನಿಯಮ ತಿದ್ದಿ ಇಂಥ ಪರೀಕ್ಷೆಗಳಿಗೆ ಜಾಗ ಕೊಟ್ಟಿದೆ. ಇಡೀ ಲಿವರ್‌ಗೆ ಬದಲಾಗಿ ಕಸಿ ಮಾಡುವಷ್ಟು ಇವು ಇನ್ನೂ ಬೆಳೆದಿಲ್ಲ, ನಿಜ. ಔಷಧಿಯ ವಿಷ ಗುರುತಿಸಲು ಮಾತ್ರ ಈಗಲೇ ಉಪಯೋಗಕ್ಕೆ ಬರುತ್ತವೆ.

ಆದರೆ ಆ ಅಂಗಾಂಶ ಯಾರದು? ಐಸೋನಿಯಾಜಿಡ್ ಅನ್ನು ದೇಹ ಎಷ್ಟು ಬೇಗ ವಿಲೇವಾರಿ ಮಾಡುತ್ತದೆ ಎಂಬುದು ವಂಶವಾಹಿಗೆ ಸೇರಿದ್ದು. ನಿಧಾನವಾಗಿ ಮಾಡುವವರಿಗೆ ಅಪಾಯ ಹೆಚ್ಚು, ಭಾರತದಲ್ಲಿ ಅಂಥವರು ಬಹಳ. ರಕ್ತದ ಕಣಗಳನ್ನು ಕಾಂಡಕೋಶಗಳಾಗಿ, ಅಂದರೆ ಬೇರೆ ಬೇರೆ ಅಂಗಗಳ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳಾಗಿ ಮಾರ್ಪಡಿಸಿ, ಅವುಗಳಿಂದ ಅದೇ ವ್ಯಕ್ತಿಯ ಲಿವರ್ ಕೋಶ ಬೆಳೆಸಲು ಬರುತ್ತದೆ. ಹಾಗಿದ್ದ ಮೇಲೆ ಅಂಕೋಲೆಯ ಹಾಲಕ್ಕಿ ಒಕ್ಕಲಿಗರು, ಯಲ್ಲಾಪುರದ ಸಿದ್ದಿಗಳು, ಕಾರವಾರದ ಮೀನುಗಾರರು ಈ ಲೆಕ್ಕದಿಂದ ಹೊರಗೆ ಏಕೆ ಉಳಿಯಬೇಕು?

ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಒಂದು ಚಿಕ್ಕ ವ್ಯವಸ್ಥೆ ಮಾಡಿಸಿ. ಔಷಧಿಯಿಂದ ಕಾಮಾಲೆಯಾದ ಪ್ರತಿಯೊಬ್ಬರ ದಾಖಲೆ ಇಡಲಿ, ನಾಟಿ ಮದ್ದು ಕುಡಿದಿದ್ದರೆ ಅದನ್ನೂ ಬರೆದುಕೊಳ್ಳಲಿ. ಒಪ್ಪಿದವರ ರಕ್ತದ ಮಾದರಿಯನ್ನು ಬೆಂಗಳೂರಿನ ಸಂಶೋಧಕರಿಗೆ ತಲುಪಿಸಲಿ. ನೆಲನೆಲ್ಲಿಯಂಥ ಮದ್ದುಗಳೂ ಲಿವರ್ ಅಂಗಾಂಶದ ಮೇಲೆ ಪರೀಕ್ಷೆಯಾಗಲಿ. ಗುಣವಿದ್ದರೆ ಅದರ ಹೆಸರೂ ಲಾಭವೂ ಮದ್ದು ಕೊಟ್ಟವರಿಗೆ ಸಲ್ಲಬೇಕು, ಇದನ್ನು ಮೊದಲೇ ಬರಹದಲ್ಲಿ ಖಾತ್ರಿಪಡಿಸಿ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ನಮ್ಮ ಬೇಡಿಕೆಯನ್ನು ಇದಕ್ಕಾಗಿ ಬದಿಗಿಡಬೇಡಿ. ಲಿವರ್ ಕೈಕೊಟ್ಟವರನ್ನು ಇಂದಿಗೂ ಮಣಿಪಾಲಕ್ಕೋ ಹುಬ್ಬಳ್ಳಿಗೋ ಒಯ್ಯಬೇಕಾಗಿದೆ.

ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ. ಓದು ಬಾರದವರಿಗೆ ಅವರ ಮನೆಮಾತಿನಲ್ಲೇ ಓದಿ ತಿಳಿಸಿ, ಬೇಡ ಎಂದವರನ್ನು ಒತ್ತಾಯಿಸಬೇಡಿ, ಅವರ ಚಿಕಿತ್ಸೆಗೂ ಅಡ್ಡಿ ಬಾರದಿರಲಿ.

ಇಂತಿ ತಮ್ಮ ವಿಶ್ವಾಸಿ,
ಅಂಕೋಲಾದ ಒಬ್ಬ ಔಷಧಿ ವ್ಯಾಪಾರಿ