ಮಗಳಿಗೊಂದು ಪತ್ರ: ಮಧ್ಯಾಹ್ನದ 16 ನಂಬಿ ಹೊರಡಬೇಡ

ಪುಟ್ಟಿ,

ನಿನ್ನೆ ಫೋನಲ್ಲಿ ಮಾತು ಅರ್ಧಕ್ಕೇ ನಿಂತಿತು. 'ಎರಡನೇ ಸಲ ನೋಡಿದಾಗ ಕಣ್ಣಿನ ಪ್ರೆಶರ್ 16 ಬಂದಿದೆ ಅಪ್ಪಾ, ನಾರ್ಮಲ್ಲು. ಸುಮ್ನೆ ಹೆದರಿಸ್ಬೇಡ' ಅಂದೆ. ನಾನು ದನಿ ಏರಿಸಿದೆ. ಬೇಜಾರಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಮಗಾ. ಆದರೆ ಹೇಳಬೇಕಿದ್ದದ್ದು ಗಂಟಲಲ್ಲೇ ಉಳಿಯಿತು. ಮುಂದಿನ ವಾರ ನೀನು ಬರ್ಲಿನ್ ವಿಮಾನ ಹತ್ತುತ್ತೀಯ. ಅದಕ್ಕೆ ಮೊದಲು ಇದನ್ನು ಪೂರ್ತಿ ಓದು.

ಮೊದಲ ಸಲ 24 ಬಂದದ್ದು ಬೆಳಿಗ್ಗೆ ಎಂಟೂವರೆಗೆ. 16 ಬಂದದ್ದು ಮಧ್ಯಾಹ್ನ ಊಟ ಮುಗಿಸಿ ಹೋದಾಗ. ನೀನೇ ಹೇಳಿದ್ದು. ಎರಡರಲ್ಲಿ ಒಂದು ತಪ್ಪಿರಬೇಕು ಅಂತ ನೀನು ಅಂದುಕೊಂಡಿದ್ದೀಯ. ಎರಡೂ ಸರಿಯೇ ಇರಬಹುದು. ಕಣ್ಣೊಳಗೆ ತಿಳಿನೀರು ಸದಾ ಹುಟ್ಟುತ್ತಿರುತ್ತದೆ, ಅಂಚಿನ ಸಣ್ಣ ಜಾಲರಿಯ ಮೂಲಕ ಹೊರಗೆ ಹೋಗುತ್ತಿರುತ್ತದೆ. ಹೋಗುವ ದಾರಿ ಬಿಗಿಯಾದರೆ ಪ್ರೆಶರ್ ಏರುತ್ತದೆ. 10ರಿಂದ 21ರವರೆಗೆ ಸಾಮಾನ್ಯ ಅನ್ನುತ್ತಾರೆ. ಆದರೆ ಯಾರ ಕಣ್ಣಲ್ಲೂ ಅದು ದಿನವಿಡೀ ಒಂದೇ ಸಮ ಇರುವುದಿಲ್ಲ. ಚೆನ್ನಾಗಿರುವ ಕಣ್ಣಲ್ಲೇ 3ರಿಂದ 6 ಅಂಕಿ ಹೆಚ್ಚು ಕಡಿಮೆ ಆಗುತ್ತದೆ. ನನಗಿರುವ ಗ್ಲುಕೋಮಾದಲ್ಲಿ, ಅಂದರೆ ಕಣ್ಣಿನ ನರ ನಿಧಾನಕ್ಕೆ ಹಾಳಾಗುವ ಕಾಯಿಲೆಯಲ್ಲಿ, 10, ಕೆಲವರಿಗೆ ಅದಕ್ಕೂ ಜಾಸ್ತಿ. ತುಂಬಾ ಜನರಿಗೆ ರಾತ್ರಿ ಮಲಗಿದಾಗ ಮತ್ತು ನಸುಕಿನಲ್ಲಿ ಮೇಲಿದ್ದು, ಹೊತ್ತೇರಿದ ಮೇಲೆ ಇಳಿಯುತ್ತದೆ.

ಬೆಂಗಳೂರಿನಲ್ಲಿ ನನಗೆ ಬೆಳಗಿನಿಂದ ಸಂಜೆವರೆಗೆ ಪ್ರೆಶರ್ ನೋಡಿದ ದಿನ ನೀನು ಜೊತೆಗಿರಲಿಲ್ಲ. ಅದಕ್ಕೇ ಅದನ್ನು ಬಿಡಿಸಿ ಹೇಳುತ್ತೇನೆ. ಏಳು ಗಂಟೆಗೇ ಕೂರಿಸಿದರು. ಮರಗಟ್ಟುವ ಹನಿ ಹಾಕಿದರು. ಹಳದಿ ಬಣ್ಣದ ಕಾಗದದ ಚೂರನ್ನು ಕೆಳರೆಪ್ಪೆಗೆ ತಾಗಿಸಿದರು. ಗಲ್ಲ ತಟ್ಟೆಯ ಮೇಲೆ, ಹಣೆ ಪಟ್ಟಿಗೆ ಒತ್ತಿ. ನೀಲಿ ಬೆಳಕು ಕಣ್ಣಿಗೆ ತೀರಾ ಹತ್ತಿರ ಬಂತು. ಆ ಹುಡುಗಿ ಪಕ್ಕದ ತಿರುಗಣೆ ತಿರುಗಿಸಿದಳು, ನಿಲ್ಲಿಸಿದಳು, ಇನ್ನೊಮ್ಮೆ ತಿರುಗಿಸಿದಳು. ಚೀಟಿಯಲ್ಲಿ ಎಡಗಣ್ಣಿನ ಸಾಲಿಗೆ 27 ಅಂತ ಬರೆದಳು. ನಾನು ಎರಡೆರಡು ಸಲ ಕೇಳಿದೆ, 27ಏನಮ್ಮಾ ಅಂತ. ಹತ್ತು ಗಂಟೆಗೆ 23. ಒಂದು ಗಂಟೆಗೆ 18. ನಾಲ್ಕಕ್ಕೆ 17.

ಅಷ್ಟು ವರ್ಷ ನಾನು ಶಿವಮೊಗ್ಗದಲ್ಲಿ ತೋರಿಸುತ್ತಿದ್ದದ್ದು ಯಾವ ಹೊತ್ತಿಗೆ ಗೊತ್ತಾ? ಸಾಗರದಿಂದ ಬಸ್ಸು ಹಿಡಿದು, ಚೀಟಿ ಮಾಡಿಸಿ, ಸರದಿ ಬರುವಷ್ಟರಲ್ಲಿ ಮೂರು ಗಂಟೆ ದಾಟಿರುತ್ತಿತ್ತು. ಪ್ರತಿ ಸಲ 17, 18. ಕಂಟ್ರೋಲಲ್ಲಿದೆ ಅನ್ನುತ್ತಿದ್ದರು. ಅತ್ತ ನೋಟದ ಯಾವ ಭಾಗ ಕಾಣುತ್ತಿಲ್ಲ ಅಂತ ನೋಡುವ ಫೀಲ್ಡ್ ಟೆಸ್ಟಿನ ಕಾಗದದಲ್ಲಿ ಎಡಗಣ್ಣಿನ ಮೂಗಿನ ಪಕ್ಕದ ಕಪ್ಪು ಕಲೆ ವರ್ಷ ವರ್ಷ ಅಗಲವಾಗುತ್ತಿತ್ತು. ನೋವಿಲ್ಲ, ಉರಿಯಿಲ್ಲ. ಹೋದ ದೃಷ್ಟಿ ಮತ್ತೆ ಬರುವುದೂ ಇಲ್ಲ.

ಸಬ್‌ಸ್ಟೇಷನ್ನಿನಲ್ಲಿ ಗಂಟೆಗೊಮ್ಮೆ ವೋಲ್ಟೇಜು, ಲೋಡು ಲಾಗ್‌ಶೀಟಿಗೆ ಬರೆದ ಕೈ ನನ್ನದು. ನಡುರಾತ್ರಿಯ ಒಂದು ರೀಡಿಂಗ್ ತೋರಿಸಿ ಲೈನು ಸರಿಯಿದೆ ಅಂದಿದ್ದರೆ ಯಾವ ಎಂಜಿನಿಯರೂ ಒಪ್ಪುತ್ತಿರಲಿಲ್ಲ.

ಮತ್ತೆ ಆ 27ಕ್ಕೇ ಬರುತ್ತೇನೆ, ಸಿಟ್ಟಾಗಬೇಡ. ಆಗ ನಾನು ಪ್ರೆಶರ್ ಇಳಿಸಲು ಹಾಕುತ್ತಿದ್ದದ್ದು ಟಿಮೊಲಾಲ್ ಹನಿ. ಹಗಲಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ರಾತ್ರಿ ನಿದ್ದೆಯಲ್ಲಿ ಅದರ ಬಲ ತೀರಾ ಕಡಿಮೆ. ಆ ಚೀಟಿ ನೋಡಿಯೇ ಡಾಕ್ಟರು ಲ್ಯಾಟನೊಪ್ರೋಸ್ಟ್‌ಗೆ ಬದಲಾಯಿಸಿದರು. ರಾತ್ರಿ ಒಂದೇ ಹನಿ, ಹಗಲೂ ರಾತ್ರಿಯೂ ಹಿಡಿದಿಡುತ್ತದೆ. ಈಗ ಬೆಳಿಗ್ಗೆಯೂ 16ರ ಆಸುಪಾಸು. ಆ ಒಂದು ದಿನ ಕೂರದೆ ಇದ್ದಿದ್ದರೆ ಅಂತ ಈಗಲೂ ನಡುರಾತ್ರಿ ಎಚ್ಚರವಾಗುತ್ತದೆ.

ಏರಿಳಿತದ ಬಗ್ಗೆ ವೈದ್ಯರಲ್ಲೇ ಎರಡು ಮಾತಿದೆ, ಅದನ್ನೂ ಹೇಳಿಬಿಡುತ್ತೇನೆ. ಅಮೆರಿಕದ ದೊಡ್ಡ ಅಧ್ಯಯನವೊಂದು 2000ದಲ್ಲಿ ಬಂತು. ಹೋದಾಗಲೆಲ್ಲ ಪ್ರೆಶರ್ 18ಕ್ಕಿಂತ ಕೆಳಗೇ ಇದ್ದವರ ನೋಟ ಸರಾಸರಿಯಲ್ಲಿ ಕೆಡದೆ ಉಳಿದಿತ್ತು, ಅಂದರೆ ಪ್ರತಿ ಸಲವೂ ಕೆಳಗಿರುವುದು ಮುಖ್ಯ ಅಂತ. ಸ್ವೀಡನ್ನಿನ ಇನ್ನೊಂದು ಅಧ್ಯಯನ ಮಾತ್ರ, ಏರಿಳಿತಕ್ಕಿಂತ ಸರಾಸರಿಯೇ ಮುಖ್ಯ ಅಂದಿತು. 1 ಅಂಕಿ ಇಳಿದರೆ ಕಾಯಿಲೆ ಮುಂದುವರಿಯುವ ಅಪಾಯ ಸುಮಾರು ಶೇ. 10 ಕಡಿಮೆಯಂತೆ. ಇರಲಿ. ಸರಾಸರಿ ತೆಗೆಯುವುದಕ್ಕೂ ಬೆಳಗಿನ ಅಂಕಿ ಬೇಕಲ್ವಾ?

ಈಗ ನನ್ನ ನಿಜವಾದ ಭಯಕ್ಕೆ ಬರುತ್ತೇನೆ. ಯೋಗಾಭ್ಯಾಸಕ್ಕೆ ನೀನು ಏಳುವುದು ಬೆಳಗಿನ ನಾಲ್ಕೂವರೆಗೆ. ಪ್ರೆಶರ್ ಮೇಲಿರುವ ಹೊತ್ತೇ ಅದು. ಅಂಥ ಹೊತ್ತಿನಲ್ಲಿ ನೀನು ತಲೆ ಕೆಳಗೆ ಮಾಡಿ ನಿಲ್ಲುತ್ತೀಯ. ಚೆನ್ನೈನಲ್ಲಿ ಯೋಗಾಭ್ಯಾಸಿಗಳನ್ನೇ ಕರೆದು ಅಳೆದು 2006ರಲ್ಲಿ ಬರೆದಿದ್ದಾರೆ. ಶೀರ್ಷಾಸನದಲ್ಲಿ ಪ್ರೆಶರ್ ಎರಡರಷ್ಟಾಗುತ್ತದೆ. ಅಧೋಮುಖ ಶ್ವಾನಾಸನದಲ್ಲೂ ಏರುತ್ತದೆ. ಇಳಿದ ಮೇಲೆ ಬೇಗ ಕೆಳಗೆ ಬರುತ್ತದೆ, ಚೆನ್ನಾಗಿರುವ ಕಣ್ಣಿಗೆ ಅದರಿಂದ ತೊಂದರೆಯಾಗದಿರಬಹುದು. ಆದರೆ ನಿನ್ನ ಕಣ್ಣಿನ ನರದ ಸ್ಕ್ಯಾನಿನಲ್ಲಿ ಒಂದು ಕಡೆ ತೆಳುವಾಗಿದೆ ಅಂತ ಬರೆದಿದ್ದಾರೆ ಪುಟ್ಟಿ. ಇನ್ನೂ ಅನುಮಾನ ಅಷ್ಟೇ, ಗೊತ್ತು. ಅದಕ್ಕೇ ಈಗಲೇ ನೋಡಿಸು ಅನ್ನುವುದು.

ನಿನ್ನ ಕೆಲಸ ನನಗೆ ಸಣ್ಣದಾಗಿ ಕಾಣುತ್ತದೆ ಅಂತ ತಿಳಿಯಬೇಡ. ಮೈಸೂರಿನ ಗೋಕುಲಂನಲ್ಲಿ ಯೋಗದ ಕ್ಲಾಸಿಗೆ ಬಂದ ಹೊರದೇಶದವರು ನಿನ್ನ ಮುಂದೆ ಮಕ್ಕಳ ಹಾಗೆ ಕೂತು ಉಸಿರಾಟ ತಿದ್ದಿಸಿಕೊಳ್ಳುವುದನ್ನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಊರಲ್ಲಿ ಯಾರು ಸಿಕ್ಕರೂ ಅದನ್ನೇ ಹೇಳುತ್ತೇನೆ, ಅಮ್ಮ ಬೈಯುವವರೆಗೂ. ಆ ಓದಿಗೂ ಈ ಹೆಸರಿಗೂ ನಾನು ಕೊಟ್ಟದ್ದು ಹೆಚ್ಚೇನಿಲ್ಲ. ಈ ಕಾಯಿಲೆ ಮಾತ್ರ ನನ್ನ ಕಡೆಯದ್ದು. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹಲವು ಪಟ್ಟು ಜಾಸ್ತಿ. ಅದನ್ನು ನೆನೆದರೆ ಸಂಕಟವಾಗುತ್ತದೆ.

ಇನ್ನೆರಡು ಮಾತು. ಕ್ಲಾಸಿಗೆ ಮುಂಚೆ ಒಂದು ಲೀಟರ್ ನೀರನ್ನು ಗಟಗಟ ಕುಡಿಯುವುದು ಬಿಡು. ಪ್ರೆಶರ್ ಏರಿಸಿ ನೋಡಬೇಕಾದಾಗ ಡಾಕ್ಟರುಗಳು ಮಾಡಿಸುವುದು ಅದನ್ನೇ. ಸ್ವಲ್ಪ ಸ್ವಲ್ಪ ಕುಡಿ. ಕಣ್ಣು ಕೆಂಪಾಯಿತು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ಹಾಕಬೇಡ. ಸ್ಟೆರಾಯ್ಡ್ ಇದ್ದರೆ ಅದೂ ಪ್ರೆಶರ್ ಏರಿಸುತ್ತದೆ. ಉಪದೇಶ ಜಾಸ್ತಿ ಆಯ್ತು ಅಂತ ಗೊತ್ತು, ಆದರೂ ಬರೆಯದೆ ಇರಲಾರೆ.

ಮೈಸೂರಿನಲ್ಲೇ ಶುಕ್ರವಾರ ಬೆಳಿಗ್ಗೆ ಏಳಕ್ಕೆ ಹೇಳಿಟ್ಟಿದ್ದೇನೆ. ಸಂಜೆವರೆಗೂ ಕೂರಬೇಕು. ನಾವಿಬ್ಬರೂ ಹಿಂದಿನ ದಿನವೇ ತಾಳಗುಪ್ಪದ ರೈಲಿನಲ್ಲಿ ಬಂದಿರುತ್ತೇವೆ. ಅಮ್ಮ ಬುತ್ತಿ ಕಟ್ಟಿಕೊಂಡು ನಿನ್ನ ಜೊತೆ ಕೂರುತ್ತಾಳೆ, ನಾನು ಹೊರಗಿರುತ್ತೇನೆ, ಮಾತಾಡಿ ತಲೆ ತಿನ್ನುವುದಿಲ್ಲ. ಅಂಕಿ ಎಷ್ಟೇ ಬರಲಿ, ಬರ್ಲಿನ್‌ಗೆ ಹೋಗಬೇಡ ಅಂತ ನನ್ನ ಬಾಯಿಂದ ಬರುವುದಿಲ್ಲ. ಡಾಕ್ಟರು ನೋಡಿ ಹೇಳುವವರೆಗೆ ಶೀರ್ಷಾಸನ, ಸರ್ವಾಂಗಾಸನ ಎರಡನ್ನೂ ನಿಲ್ಲಿಸು. ಬರುತ್ತೀಯೋ ಇಲ್ಲವೋ ಬುಧವಾರದೊಳಗೆ ತಿಳಿಸು, ಇಲ್ಲದಿದ್ದರೆ ಆ ಸರದಿಯನ್ನು ಬೇರೆಯವರಿಗೆ ಕೊಡುತ್ತಾರಂತೆ.

ಇಂತು,
ನಿನ್ನ ಅಪ್ಪ